ಸೌಮ್ಯಳ ಕಾಲಿಗೆ ಒಪ್ಪಿದ ಶೂ

ನೇರಳೆ ಬಣ್ಣದ ಹೊಸ ಶೂ ಹಾಕಿಕೊಂಡು ಓಡತೊಡಗಿದ ವಾರದೊಳಗೇ ಸೌಮ್ಯಳ ಮಂಡಿಯ ಹೊರಬದಿ ನೋಯತೊಡಗಿತು.

ಕಾನಸೂರಿನ ಸೌಮ್ಯಳದು ಸಿದ್ದಾಪುರದಲ್ಲಿ ಹೊಲಿಗೆ ಅಂಗಡಿ. ಮಗಳು ಹೈಸ್ಕೂಲು ಸೇರಿದ ಮೇಲೆ ಓಟ ಶುರು ಮಾಡಿದವಳು. ಈಗ ಯಲ್ಲಾಪುರದ ಹತ್ತು ಕಿಲೋಮೀಟರ್ ಓಟಕ್ಕೆ ಹೊರಟಿದ್ದ ಹೆಂಗಸರ ತಂಡದಲ್ಲಿ ಅವಳ ಕಾಲೇ ಚುರುಕು. ತಂಡಕ್ಕೆಲ್ಲ ಒಂದೇ ಥರದ ಶೂ ಕೊಡಿಸಿದವರು ಶಿರಸಿಯ ಅಡಿಕೆ ವ್ಯಾಪಾರಿ ಶಾಂತಾರಾಮ ಹೆಗಡೆಯವರು. ಉಳಿದವರಿಗೆ ಅದು ಚೆನ್ನಾಗಿಯೇ ಒಪ್ಪಿತ್ತು.

ನೋವು ನುಂಗಿಕೊಂಡು ಸುಮ್ಮನಿರುವುದು ಸೌಮ್ಯಳ ಜಾಯಮಾನವಲ್ಲ. ಓಟ ಕಲಿಸುತ್ತಿದ್ದ ದೈಹಿಕ ಶಿಕ್ಷಕ ನವೀನನಿಗೆ ಮರುದಿನ ಬೆಳಿಗ್ಗೆಯೇ ಹೇಳಿದಳು.

"ನವೀನಣ್ಣ, ಈ ಶೂ ನನ್ನ ಕಾಲಿಗೆ ಬರೂದಿಲ್ಲ."

"ಹೊಸದಲ್ವಾ, ಸ್ವಲ್ಪ ದಿನ ಹೋದ್ರೆ ಪಳಗ್ತದೆ."

"ಹಿಮ್ಮಡಿ ಕಚ್ಚಿದ್ರೆ ನಾನೂ ಹಂಗೇ ಅಂತಿದ್ದೆ. ನೋವು ಮಂಡೀಲಿ. ನಾ ಓಡೂದು ಹಿಂದಿಂದ ವಿಡಿಯೋ ಮಾಡು, ನೋಡ್ವ."

ಮೈದಾನದ ಹುಲ್ಲಿನ ಮೇಲೆ ಮೊದಲು ಬರಿಗಾಲಲ್ಲಿ ಓಡಿದಳು, ಆಮೇಲೆ ಶೂ ಹಾಕಿಕೊಂಡು. ಇಬ್ಬರೂ ಕಟ್ಟೆಯ ಮೇಲೆ ಕೂತು ವಿಡಿಯೋವನ್ನು ನಿಧಾನ ಮಾಡಿ ನೋಡಿದರು. ಬರಿಗಾಲಲ್ಲೇ ಅವಳ ಪಾದ ಹೊರಗಡೆಗೆ ವಾಲುತ್ತಿತ್ತು. ಶೂ ಹಾಕಿದಾಗ ಇನ್ನೂ ಹೆಚ್ಚು. ನವೀನ ಶೂವಿನ ಒಳಬದಿಯನ್ನು ಹೆಬ್ಬೆರಳಿಂದ ಒತ್ತಿ ನೋಡಿದ.

"ಇಲ್ಲಿ ಗಟ್ಟಿ ತುಂಡು ಇಟ್ಟಿದಾರೆ. ಪಾದ ಒಳಗೆ ಕುಸಿಯೋರಿಗೆ ಮಾಡಿದ ಶೂ ಇದು. ನಿಂದು ಮೊದಲೇ ಹೊರಗೆ ವಾಲೂದು, ಇದು ಮತ್ತೂ ನೂಕ್ತದೆ. ನಿಂಗೆ ಮೆತ್ತಂದು ಬೇಕು, ಎಲ್ಲೂ ಇಂಥ ಗಟ್ಟಿ ಆಧಾರ ಇಲ್ಲದ್ದು." ಶೂ ಕೆಳಗಿಟ್ಟು, "ಹೆಗಡೇರು ಎಂತ ಅಂತಾರೋ," ಎಂದ.

"ಅವರು ಕೇಳಿದ್ರೆ ನಾನೇ ಹೇಳ್ತೆ," ಎಂದಳು ಸೌಮ್ಯ.

ಶನಿವಾರ ಸಂಜೆ ಶಿರಸಿಯ ಉಲ್ಲಾಸನ ಶೂ ಅಂಗಡಿಗೆ ಹೋದಳು. ದಿನವಿಡೀ ಹೊಲಿಗೆ ಯಂತ್ರ ತುಳಿದು ಪಾದ ಕೊಂಚ ಉಬ್ಬಿರುವ ಹೊತ್ತು. ಓಡುವಾಗಲೂ ಹಾಗೇ ಉಬ್ಬುತ್ತದೆಂದು ಬೇಕೆಂದೇ ಆ ಹೊತ್ತು ಆರಿಸಿಕೊಂಡಿದ್ದಳು. ಓಟಕ್ಕೆ ಹಾಕುವ ಸಾಕ್ಸನ್ನೂ ತಂದಿದ್ದಳು. ಉಲ್ಲಾಸ ಡಬ್ಬಿಗಳ ರಾಶಿಯನ್ನೇ ಇಳಿಸಿದ. ಒಂದರಲ್ಲಿ ಬೆರಳು ಒತ್ತುತ್ತಿತ್ತು, ಇನ್ನೊಂದರಲ್ಲಿ ಹಿಮ್ಮಡಿ ಜಾರುತ್ತಿತ್ತು. ಕಡೆಗೆ ಬೂದಿ ಬಣ್ಣದ ಜೋಡಿಯೊಂದು ಸಿಕ್ಕಿತು.

"ಇದು ನೋಡೂಕೆ ಚಂದ ಇಲ್ಲ ಅಕ್ಕಾ," ಎಂದ ಉಲ್ಲಾಸ.

"ನೋಡೂಕಲ್ಲ ತಗಳ್ಳೂದು. ರಸ್ತೇಲಿ ಒಂಚೂರು ಓಡಿ ಬರಲಾ?"

ಸಂಜೆಯ ಪೇಟೆಯ ಗದ್ದಲದ ನಡುವೆ, ಚೂಡಿದಾರದ ವೇಲನ್ನು ಸೊಂಟಕ್ಕೆ ಬಿಗಿದು, ಬಸ್‌ಸ್ಟ್ಯಾಂಡಿನ ತಿರುವಿನವರೆಗೆ ಓಡಿ ಬಂದಳು. ಜನ ನಿಂತು ನೋಡಿದರು. ಅವಳ ಗಮನವೆಲ್ಲ ನೆಲಕ್ಕೆ ತಾಗುತ್ತಿದ್ದ ಪಾದದ ಮೇಲಿತ್ತು. ಪಾದ ಹೆಚ್ಚು ವಾಲದೆ, ಬಿಗಿಯದೆ, ತನ್ನ ಪಾಡಿಗೆ ತಾನು ಉರುಳಿ ಮುಂದಕ್ಕೆ ಹೋಗುತ್ತಿತ್ತು. ಅಂಗಡಿಗೆ ಮರಳಿ, "ಇದೇ," ಎಂದಳು.

ಯಲ್ಲಾಪುರದಲ್ಲಿ ಓಟದ ದಿನ ಹೆಗಡೆಯವರು ತಂಡವನ್ನು ನಿಲ್ಲಿಸಿ ಫೋಟೋ ತೆಗೆಸಲು ಬಂದರು. ಅವರ ಕಣ್ಣು ಸೀದಾ ಬೂದಿ ಶೂವಿನ ಮೇಲೆ ಬಿತ್ತು.

"ಎಂತ ತಂಗಿ, ನಾ ಕೊಟ್ಟದ್ದು ಹಿಡಿಸ್ಲಿಲ್ಲನಾ?"

ನವೀನ ಬೇರೆಲ್ಲೋ ನೋಡಿದ. ಸೌಮ್ಯ ಅಳುಕಲಿಲ್ಲ. "ಶೂ ಒಳ್ಳೇದೇ ಹೆಗಡೇರೆ. ನನ್ನ ಪಾದ ಬೀಳೂ ರೀತಿ ಬೇರೆ. ಒಂದೇ ಅಳತೇಲಿ ಹತ್ತು ಜನಕ್ಕೆ ರವಿಕೆ ಹೊಲಿದ್ರೆ ನನ್ನ ಅಂಗಡಿಗೆ ಯಾರು ಬರ್ತಾರೆ, ಹೇಳಿ?"

ಹೆಗಡೆಯವರು ಒಂದು ಕ್ಷಣ ಮುಖ ಬಿಗಿದುಕೊಂಡರು. ಆಮೇಲೆ ನಕ್ಕು, "ಹಂಗಾದ್ರೆ ಫೋಟೋದಲ್ಲಿ ಹಿಂದಿನ ಸಾಲಲ್ಲಿ ನಿಲ್ಲು. ಓಟದಲ್ಲಿ ಮಾತ್ರ ಮುಂದೆ ಇರು," ಎಂದರು.

ಮೊದಲ ಏರಿನಲ್ಲಿ ಅವಳು ಅವಸರ ಮಾಡಲಿಲ್ಲ. ಇಳಿಜಾರು ಬಂದಾಗ, ಮಂಡಿ ಈಗ ಹಿಡಿಯುತ್ತದೆ ಎಂದು ಮೈ ಒಮ್ಮೆ ಹೆದರಿತು. ಹಿಡಿಯಲಿಲ್ಲ. ಹೆಜ್ಜೆಯನ್ನು ಸಡಿಲ ಬಿಟ್ಟಳು. ಮುಂದಿದ್ದವರು ಒಬ್ಬೊಬ್ಬರಾಗಿ ಹಿಂದೆ ಸರಿದರು. ಕೊನೆಗೆ ಹುಬ್ಬಳ್ಳಿಯ ಕಾಲೇಜು ಹುಡುಗಿಯೊಬ್ಬಳು ಮಾತ್ರ ಕೈಗೆ ಸಿಗದೆ ಉಳಿದಳು. ಸೌಮ್ಯಳಿಗೆ ಎರಡನೆಯ ಸ್ಥಾನ ಬಂತು.

ನವೀನ ನೀರಿನ ಬಾಟಲಿ ಹಿಡಿದು ಓಡಿಬಂದ. "ಮಂಡಿ?"

ಅವಳು ಮಂಡಿ ಮಡಚಿ, ಚಾಚಿ, ಇನ್ನೊಮ್ಮೆ ಮಡಚಿದಳು.

"ಇಪ್ಪತ್ತೊಂದು ಕಿಲೋಮೀಟರ್ ಓಟ ಎಲ್ಲಾದ್ರೂ ಇದ್ರೆ ನನ್ನ ಹೆಸರು ಕೊಟ್ಬಿಡು," ಎಂದಳು.