ಅಮ್ಮ ಸುಡದ ಅಂಗಿ

ಮಗನ ಮೊದಲ ಆಲ್ಬಂ ಬಂದ ಹೊಸದರಲ್ಲಿ ಇಸ್ತ್ರಿ ಅಂಗಡಿಯ ಅಮ್ಮನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ತಟ್ಟೆ, ಬಕೆಟ್ಟು, ಕಿಟಕಿಯ ಸರಳು, ಕೈಗೆ ಸಿಕ್ಕಿದ್ದನ್ನೆಲ್ಲ ಬಡಿಯುತ್ತ ಉಸಿರು ಬಿಡದೆ ಮಾತಾಡುತ್ತಿದ್ದ ಹುಡುಗ ಅವನು. ಅದಕ್ಕಾಗಿ ಅವಳಿಂದ ಎಷ್ಟು ಏಟು ತಿಂದಿದ್ದನೋ. ಅದನ್ನೇ ಮೈಕಿನ ಮುಂದೆ ಮಾಡಿದರೆ ರ‍್ಯಾಪ್ ಎನ್ನುತ್ತಾರೆ, ಅದಕ್ಕೆ ಜನ ಮುಗಿಬೀಳುತ್ತಾರೆ ಎಂದು ಅವಳು ಕನಸಿನಲ್ಲೂ ಎಣಿಸಿರಲಿಲ್ಲ. ಈಗ ಬಸ್ಸಿನಲ್ಲಿ ಅವನ ದನಿ, ಕ್ಷೌರದಂಗಡಿಯಲ್ಲಿ ಅವನ ದನಿ, ಹಲ್ಲಿನ ಡಾಕ್ಟರ ಕೋಣೆಯಲ್ಲಿ ಬಾಯಿ ತೆರೆದು ಮಲಗಿದವರ ಕಿವಿಗೂ ಅವನದೇ ದನಿ. ಜಗತ್ತಿಗೆ ಅವನು ‘ಗುಡುಗು’. ಮನೆಯಲ್ಲಿ ಮಾತ್ರ ಪುಟ್ಟ.

ಅವನ ವೇಗಕ್ಕೆ ಅಮ್ಮನ ಕಿವಿ ಓಡಲಾರದು. ಹಾಗಾಗಿ ಹಾಡಿನಲ್ಲಿ ಏನಿದೆ ಎಂದು ಅವಳು ವಿಚಾರಿಸಲೂ ಹೋಗಲಿಲ್ಲ. ಸದ್ದು ಕೇಳಿದರೆ ಸಾಕು, ಎದೆ ತುಂಬುತ್ತಿತ್ತು. ಅದೇ ಅಂಗಡಿಯಲ್ಲಿ ಬಿದ್ದುಹೋದ ಗುಂಡಿ ಹೊಲಿಯುತ್ತ ಕೂರುವ ನಾದಿನಿಯ ಕಿವಿ ಮಾತ್ರ ಬಲು ಚುರುಕು. ಅವಳು ಹಾಡನ್ನು ಮತ್ತೆ ಮತ್ತೆ ಕೇಳಿ, ಮಾತುಗಳನ್ನು ಒಂದೊಂದಾಗಿ ಹೆಕ್ಕಿ, ಒಂದು ಬೆಳಿಗ್ಗೆ ಅತ್ತಿಗೆಯ ಮುಂದೆ ನಿಧಾನಕ್ಕೆ ಒಪ್ಪಿಸಿದಳು:

“ಒಂದೇ ಅಂಗಿ, ಒಂದೇ ಎದೆ, ಅಮ್ಮ ಸುಟ್ಟ ತೂತು ಇದೆ.”

“ಯಾವ ಅಮ್ಮ?” ಎಂದಳು ಇವಳು.

“ಅವನಿಗೆ ಎಷ್ಟು ಜನ ಅಮ್ಮಂದಿರು ಅತ್ತಿಗೆ?”

ಆಲ್ಬಂ ಗೆದ್ದದ್ದೇ ಆ ಹಾಡಿನಿಂದ. ಬಡ ಹುಡುಗ, ಅವನಿಗಿರುವುದು ಒಂದೇ ಅಂಗಿ. ಶಾಲೆಯಲ್ಲಿ ಬಹುಮಾನ ಕೊಡುವ ದಿನ ತಾಯಿ ಅದನ್ನು ಇಸ್ತ್ರಿ ಮಾಡುತ್ತ ಎದೆಯ ಮೇಲೆಯೇ ಸುಟ್ಟುಬಿಡುತ್ತಾಳೆ. ಅವನು ಆ ತೂತನ್ನು ಅಂಗೈಯಿಂದ ಮುಚ್ಚಿಕೊಂಡು ವೇದಿಕೆ ಹತ್ತುತ್ತಾನೆ. ಕೇಳಿದವರೆಲ್ಲ ಕಣ್ಣೊರೆಸಿಕೊಳ್ಳುತ್ತಿದ್ದರು. ಆಲ್ಬಮ್ಮಿನ ಮುಖಪುಟದಲ್ಲೂ ಇಸ್ತ್ರಿಪೆಟ್ಟಿಗೆಯ ಅಚ್ಚು ಬಿದ್ದ ಅಂಗಿಯದೇ ಚಿತ್ರ.

ಅಮ್ಮ ಕೈಯಲ್ಲಿದ್ದ ಪೆಟ್ಟಿಗೆಯನ್ನು ಎತ್ತಿಟ್ಟು ಕುಳಿತುಬಿಟ್ಟಳು. ತನ್ನನ್ನು ಬಡವಿ ಎಂದಿದ್ದರೆ ನಕ್ಕು ಸುಮ್ಮನಾಗುತ್ತಿದ್ದಳು. ಸಿಡುಕಿ ಎಂದಿದ್ದರೆ ಅದು ನಿಜವೇ. ಆದರೆ ಮದುವೆಯಾಗಿ ಬಂದಂದಿನಿಂದ ಪೆಟ್ಟಿಗೆ ಹಿಡಿದ ಕೈ ಅದು, ಇಲ್ಲಿಯವರೆಗೆ ಒಂದು ಕರವಸ್ತ್ರವನ್ನೂ ಕಂದಿಸಿರಲಿಲ್ಲ. ಬಿಸಿ ಎಷ್ಟಿದೆ ಎಂದು ನೋಡಲು ಮೊದಲ ಉಜ್ಜು ಯಾವಾಗಲೂ ಮೇಜಿನ ಮೂಲೆಯ ಹಳೇ ಬಟ್ಟೆಗೆ, ಆಮೇಲೆ ಗಿರಾಕಿಯ ಬಟ್ಟೆಗೆ. ಮನೆಗೆ ಬೆಂಕಿ ಬಿದ್ದಿದೆ ಎಂದು ಯಾರಾದರೂ ಕೂಗಿದರೂ ಅವಳು ಮೊದಲು ಹಳೇ ಬಟ್ಟೆಗೆ ಒಂದು ಉಜ್ಜು ಕೊಟ್ಟೇ ಓಡುವವಳು.

ಸಂಜೆ ಮಗ ಬಂದಾಗ ಅವಳು ಊಟಕ್ಕೆ ಕರೆಯಲಿಲ್ಲ. ಅಂಗಿ ಸುಟ್ಟದ್ದು ಯಾರು ಎಂದು ಕೇಳಿದಳು. ಅವನು ತಲೆ ತುರಿಸಿಕೊಂಡ. ಆ ದಿನ ಅವಳು ಗಿರಾಕಿಗಳಿಗೆ ಬಟ್ಟೆ ಕೊಡಲು ಹೋಗಿದ್ದಾಗ ಅಂಗಿಯ ಮೇಲೆ ಪೆಟ್ಟಿಗೆ ಇಟ್ಟು, ಬೀದಿಯಲ್ಲಿ ನಾಯಿಗಳ ಜಗಳ ನೋಡುತ್ತ ಮೈಮರೆತವನು ಅವನೇ. ಅವಳು ಬಂದು ಬೆನ್ನಿಗೆರಡು ಬಿಗಿದು, ತೂತಿನ ಮೇಲೆ ಜೇಬು ಹೊಲಿದು ಶಾಲೆಗೆ ಅಟ್ಟಿದ್ದಳು. ಅಂಗೈಯಿಂದ ಮುಚ್ಚಿಕೊಳ್ಳುವ ಪ್ರಮೇಯವೇ ಬಂದಿರಲಿಲ್ಲ.

“ನಾನೇ ಸುಟ್ಕೊಂಡೆ ಅಂದ್ರೆ ಯಾರು ಅಳ್ತಾರಮ್ಮ?” ಎಂದ ಮಗ. “ತಾಯಿ ಸುಟ್ಟಳು ಅಂದ್ರೇನೇ ಕಣ್ಣಲ್ಲಿ ನೀರು ಬರೋದು.”

“ಅವರ ಕಣ್ಣೀರಿಗೆ ನನ್ನ ಹೆಸರೇ ಬೇಕಿತ್ತಾ?”

ಹಾಡನ್ನು ಹಾಡಿನ ಹಾಗೆ ಕೇಳಬೇಕು, ಯಾರೂ ನಂಬುವುದಿಲ್ಲ ಎಂದು ಅವನು ಸಮಾಧಾನ ಹೇಳಿದ. ಎಲ್ಲರೂ ನಂಬಿದರು. ಕಪ್ಪು ಕೋಟಿನ ವಕೀಲರು ಕೋಟು ಕೊಡುವ ಮೊದಲು, ಸ್ವಲ್ಪ ಹುಷಾರು ಎಂದು ಮೆಲ್ಲಗೆ ಕೆಮ್ಮಿದರು. ಮರುವಾರ ಕೋಟೂ ಬರಲಿಲ್ಲ, ಕೆಮ್ಮೂ ಬರಲಿಲ್ಲ. ಆಸ್ಪತ್ರೆಯ ನರ್ಸಮ್ಮ ತನ್ನ ರೇಷ್ಮೆ ಸೀರೆಯನ್ನು ನಾಳೆ ತರುತ್ತೇನೆ ಎನ್ನುತ್ತಲೇ ಎದುರು ಸಾಲಿನ ಅಂಗಡಿಗೆ ಹೊತ್ತೊಯ್ದಳು. ಅವರ ಜಾಗಕ್ಕೆ ಬಂದವರು ಮಗನ ಅಭಿಮಾನಿಗಳು. ಎಲ್ಲರ ಎದೆಯ ಮೇಲೂ ಬೇಕೆಂದೇ ಸುಟ್ಟುಕೊಂಡ ತೂತು. ಅದೇ ಈಗಿನ ಫ್ಯಾಷನ್ನಂತೆ. ಒಬ್ಬನಂತೂ ಹೊಚ್ಚ ಹೊಸ ಅಂಗಿ ತಂದು ಮೇಜಿನ ಮೇಲೆ ಹರಡಿ, “ಅಮ್ಮಾ, ನಿಮ್ಮ ಕೈಯಿಂದಲೇ ಒಂದು ಸುಟ್ಟುಕೊಡಿ, ಆಶೀರ್ವಾದ ಅಂದ್ಕೋತೀನಿ” ಎಂದು ಕೈಮುಗಿದು ನಿಂತ. ಅವಳು ನೀರೆರಚುವ ಚೊಂಬು ಎತ್ತಿಕೊಂಡಳು. ಆಶೀರ್ವಾದ ನೆತ್ತಿಯ ಮೇಲೇ ಬಿತ್ತು.

ಹೀಗೇ ಆದರೆ ಅಂಗಡಿಯ ಬಾಗಿಲು ಹಾಕಬೇಕಾದೀತು ಎಂದು ನಾದಿನಿ ದಿನವೂ ರಾಗ ಎಳೆಯುತ್ತಿದ್ದಳು. ಅಷ್ಟರಲ್ಲಿ ಆಲ್ಬಂ ಕಂಪನಿಯ ಮ್ಯಾನೇಜರ್ ಬಂದ. ಗೆಲುವಿನ ಸಂಭ್ರಮಕ್ಕೆ ದೊಡ್ಡ ಮೈದಾನದಲ್ಲಿ ಕಾರ್ಯಕ್ರಮ ಇಟ್ಟಿದ್ದಾರಂತೆ. ಆ ಹಾಡಿನ ಹೊತ್ತಿಗೆ ತಾಯಿಯೇ ವೇದಿಕೆಗೆ ಬಂದು ಎಲ್ಲರ ಕಣ್ಣೆದುರು ಒಂದು ಅಂಗಿ ಸುಡಬೇಕಂತೆ. ಅವನು ಚೊಂಬಿನ ಕಡೆ ನೋಡಿ ಎರಡು ಹೆಜ್ಜೆ ಹಿಂದೆ ಸರಿದು ನಿಂತೇ ಇದನ್ನು ಹೇಳಿದ.

ಅಮ್ಮ ಒಪ್ಪಿಬಿಟ್ಟಳು. ನಾದಿನಿಯ ಸೂಜಿ ಬೆರಳಿಗೆ ಚುಚ್ಚಿತು. ಅಮ್ಮನ ಲೆಕ್ಕ ಬೇರೆಯೇ ಇತ್ತು. ವೇದಿಕೆ ಎಂದರೆ ಮೈಕು ಇರುತ್ತದೆ. ಜಗತ್ತಿನ ಮುಂದೆ ಹೋದ ಮಾನವನ್ನು ಜಗತ್ತಿನ ಮುಂದೆಯೇ ವಾಪಸು ಕೇಳಬಹುದು. ಏನು ಹೇಳಬೇಕೆಂದು ಬಟ್ಟೆ ಮಡಚುತ್ತ ಬಾಯಿಪಾಠ ಮಾಡಿಕೊಂಡಳು.

ವೇದಿಕೆಯ ಮೇಲೆ ಮೈಕು ಇದ್ದದ್ದು ಮಗನ ಕೈಯಲ್ಲಿ. ಇವಳಿಗೆ ಸಿಕ್ಕಿದ್ದು ಒಂದು ಮೇಜು, ಬಿಳೀ ಅಂಗಿ, ಕಾದ ಪೆಟ್ಟಿಗೆ. ದೀಪಗಳು ಕಣ್ಣಿಗೆ ರಾಚಿದವು. ಎದುರಿಗೆ ತೂತುಬಿದ್ದ ಎದೆಗಳ ಸಮುದ್ರ. ಬಾಯಿಪಾಠ ಮಾಡಿದ್ದೆಲ್ಲ ಹಾರಿಹೋಯಿತು. ಏನೂ ತೋಚದಾಗ ಕೈ ತನಗೆ ಗೊತ್ತಿದ್ದ ಕೆಲಸಕ್ಕೆ ಹೊರಟಿತು: ಮೇಜಿನ ಮೂಲೆಯಲ್ಲಿ ಹಳೇ ಬಟ್ಟೆ ಹುಡುಕಿತು, ಸಿಗದಿರಲು ಸೊಂಟಕ್ಕೆ ಸಿಕ್ಕಿಸಿದ್ದ ಚೌಕದ ಬಟ್ಟೆಯನ್ನೇ ಹರಡಿ ಅದಕ್ಕೆ ಒಂದು ಉಜ್ಜು ಕೊಟ್ಟಿತು. ಆಮೇಲೆ ಕಾಲರು, ಹೆಗಲು, ತೋಳು. ಡ್ರಮ್ಮಿನವನು ‘ಈಗ ಸುಡುತ್ತಾಳೆ’ ಎಂದು ಬಡಿತ ಏರಿಸಿದ; ಅವಳು ಅಂಗಿ ತಿರುಗಿಸಿ ಬೆನ್ನಿಗೆ ಹೋದಳು. ಅವನು ಇಳಿಸಿ ಮತ್ತೆ ಏರಿಸಿದ; ಅವಳು ಗುಂಡಿಗಳ ಸಂದಿಯಲ್ಲಿ ಪೆಟ್ಟಿಗೆಯ ಮೂತಿ ತೂರಿಸಿದಳು. ಪರದೆಯ ಪಕ್ಕದಲ್ಲಿ ಮ್ಯಾನೇಜರ್ ಎರಡೂ ಕೈಯಿಂದ ಗಾಳಿಯನ್ನು ಒತ್ತಿ ಒತ್ತಿ ತೋರಿಸುತ್ತಿದ್ದ. ಕೊನೆಗೆ ಅಂಗಿ ಮಡಿಕೆಯಾಗಿ, ಗೆರೆ ಎದ್ದು, ಹಾಲಿನ ಹಾಗೆ ಮೇಜಿನ ಮೇಲೆ ಕೂತಿತು.

ಡ್ರಮ್ಮಿನವನ ಕೋಲುಗಳು ಗಾಳಿಯಲ್ಲೇ ನಿಂತವು. ಮಗ ಓಡಿಬಂದು ಬಗ್ಗಿ, ಮೈಕು ಕೈಯಲ್ಲಿರುವುದನ್ನು ಮರೆತು ಪಿಸುಗುಟ್ಟಿದ: “ಅಮ್ಮಾ, ಸುಡಮ್ಮ.” ಪಿಸುಮಾತು ಮೈದಾನದ ಕೊನೆಯವರೆಗೂ ಕೇಳಿಸಿತು.

“ನನ್ನ ಕೈಗೆ ಅದು ಬರಲ್ಲ ಪುಟ್ಟ,” ಎಂದಳು ಅಮ್ಮ. “ನೀನೇ ಸುಡು. ನಿನಗೆ ಅಭ್ಯಾಸ ಇದೆಯಲ್ಲ.”

ಅದೂ ಕೊನೆಯವರೆಗೂ ಕೇಳಿಸಿತು. ಮೊದಲು ಯಾರೋ ಒಬ್ಬ ಕಿಸಕ್ಕೆಂದ, ಆಮೇಲೆ ಇಡೀ ಮೈದಾನವೇ ಹೊಟ್ಟೆ ಹಿಡಿದುಕೊಂಡಿತು. ಮಗನ ಮುಖ ಬಿಳಿಚಿಹೋಯಿತು. ಇಷ್ಟು ದಿನ ಇವನ ಹಾಡಿಗೆ ಅತ್ತವರು ಈಗ ಇವನನ್ನೇ ನೋಡಿ ನಗುತ್ತಿದ್ದರು. ಅವನು ತಾಯಿಯ ಕಡೆ ನೋಡಿದ. ಅವಳು ಸಹಾಯಕ್ಕೆ ಬರಲಿಲ್ಲ. ಪೆಟ್ಟಿಗೆಯನ್ನು ಆರಿಸಿ, ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಕಾದಳು. ಅವನು ಡ್ರಮ್ಮಿನವನಿಗೆ ಸನ್ನೆ ಮಾಡಿದ.

“ಅಮ್ಮನ ಕೈ ತಪ್ಪಲಿಲ್ಲ, ಸುಟ್ಟವ ನಾನು, ಒಪ್ಪಲಿಲ್ಲ.”

ಅಲ್ಲಿಂದ ಶುರುವಾದದ್ದು ನಾಯಿಜಗಳ, ಬೆನ್ನಿನ ಏಟು, ಹೊಲಿದ ಜೇಬು ಎಲ್ಲವನ್ನೂ ದಾಟಿಕೊಂಡು ಹೋಯಿತು. ನಾಯಿಗಳ ಭಾಗಕ್ಕೆ ಜನ ಬೊಗಳಿದರು. ಏಟಿನ ಭಾಗವನ್ನು ಮತ್ತೊಮ್ಮೆ ಹೇಳು ಎಂದು ಹಟ ಹಿಡಿದರು. ಕಂಪನಿಯವರು ಅದನ್ನೂ ಸೇರಿಸಿ ಆಲ್ಬಮ್ಮನ್ನು ಮತ್ತೆ ಬಿಟ್ಟರು. ಮೊದಲಿಗಿಂತ ಜೋರಾಗಿ ಓಡಿತು. ವಕೀಲರ ಕೋಟು ಮರಳಿತು. ತೂತಿನ ಅಂಗಿಯವರೂ ಸಾಲಾಗಿ ಬಂದು, ಮೇಲೊಂದು ಜೇಬು ಹೊಲಿದುಕೊಡಿ ಎಂದು ನಿಂತರು. ನಾದಿನಿಗೆ ಉಸಿರಾಡಲೂ ಪುರಸೊತ್ತಿಲ್ಲ.

ಎರಡನೇ ಆಲ್ಬಂ ಬೇಕು ಎಂದು ಕಂಪನಿಯವರು ಬೆನ್ನು ಹತ್ತಿದಾಗ, ಯಾರ ಬಗ್ಗೆ ಬರೆಯಲಿ ಎಂದು ಮಗ ಅಂಗಡಿಯಲ್ಲೇ ಬಂದು ಕೂತ. ಅಮ್ಮ ಕಾಲರು ಉಜ್ಜುತ್ತಲೇ, ನಿನ್ನ ಅತ್ತೆಯ ಬಗ್ಗೆ ಬರಿ ಎಂದಳು. ಗುಂಡಿ ಹೊಲಿಯುತ್ತಿದ್ದ ನಾದಿನಿಯ ಮುಖ ಅರಳಿತು. ಸೆರಗು ಸರಿ ಮಾಡಿಕೊಂಡು, ತಾನು ಚಿಕ್ಕವಳಿದ್ದಾಗ ಎಷ್ಟು ಕಷ್ಟಪಟ್ಟೆ ಎಂಬಲ್ಲಿಂದ ಶುರುಮಾಡಿದಳು.

“ಹೇಳು ಅತ್ತೆ, ಆಮೇಲೆ ಏನಾಯ್ತು?” ಎನ್ನುತ್ತ ಮಗ ಮೇಜನ್ನು ಬಡಿಯತೊಡಗಿದ.

“ಏನಾಯ್ತು ಅಂತ ಅವಳನ್ನ ಯಾಕೆ ಕೇಳ್ತೀಯ?” ಎಂದಳು ಅಮ್ಮ. “ನೀನೇ ಕಟ್ಟಿ ಹೇಳ್ತೀಯಲ್ಲ.”