ಮೂರನೇ ಆಲ್ಬಮ್ಮಿನ ಫೋಟೊ

ವರ್ಡೆಲ್ ಚರ್ಚಿನ ಬಾಗಿಲಲ್ಲೇ ನಿಂತು, ಗಂಡನ ಅಂತ್ಯಕ್ರಿಯೆಗೆಂದು ಅಚ್ಚು ಹಾಕಿಸಿದ್ದ ಪುಸ್ತಿಕೆಗಳ ಕಟ್ಟು ಬಿಚ್ಚಿ, ಒಂದೊಂದರ ಹಿಂದಿನ ಹಾಳೆಯನ್ನೂ ಹರಿಯತೊಡಗಿದ್ದಳು. ಬಂದವರನ್ನು ಕೂರಿಸಲೆಂದು ಬಿಳಿ ಕೈಗವಸು ತೊಟ್ಟು ನಿಂತಿದ್ದ ಚರ್ಚಿನ ಹೆಂಗಸರು ಏನೂ ತೋಚದೆ ನೋಡುತ್ತಿದ್ದರು.

“ಇನ್ನೂರೈವತ್ತಿದೆ ಸಿಸ್ಟರ್,” ಎಂದಳು ಒಬ್ಬಳು. “ಇನ್ನರ್ಧ ಗಂಟೆಲಿ ಜನ ಬಂದ್ಬಿಡ್ತಾರೆ.”

“ಬರ್ಲಿ. ನನ್ನ ಗಂಡ ಪೆಟ್ಟಿಗೇಲಿ ಮಲಗಿದಾನೆ, ಇಲ್ಲಿ ಅವನ ಹೆಸರಲ್ಲಿ ಇನ್ಯಾವನೋ ಹಲ್ಲು ಕಿರೀತಿದಾನೆ!”

ಹಲ್ಲು ಕಿರಿದವನು ಇನ್ಯಾರೂ ಅಲ್ಲ, ಗಂಡ ಕ್ಲಿಯೋಫಸ್‌ನ ಚಿಕ್ಕಪ್ಪನ ಮಗ ರಾಯ್ ಲೀ. ಚರ್ಚಿನವರು ಪಾಪ, ಕ್ಲಿಯೋಫಸ್ ಬೇಸ್, ಅಂದರೆ ಮಂದ್ರಸ್ವರದ ಗಿಟಾರ್, ನುಡಿಸುತ್ತಿದ್ದ ಬ್ಯಾಂಡಿನ ಹೆಸರುವಾಸಿ ಆಲ್ಬಮ್ಮಿನ ಮುಖಪುಟವನ್ನೇ ತೆಗೆದು ‘ತನ್ನ ಬಳಗದೊಂದಿಗೆ ಸಹೋದರ ಕ್ಲಿಯೋಫಸ್ ಹಾರ್ಗೆಟ್’ ಎಂದು ಹಿಂದಿನ ಹಾಳೆಯಲ್ಲಿ ಅಚ್ಚು ಹಾಕಿಸಿದ್ದರು. ಬೇಸ್ ಗಿಟಾರ್ ಹಿಡಿದವನೇ ಕ್ಲಿಯೋಫಸ್ ಎಂದುಕೊಂಡಿದ್ದರು. ಆ ಕಾಲದ ಬುಟ್ಟಿಯಂಥ ಕೂದಲು, ಕಪ್ಪು ಕನ್ನಡಕದಲ್ಲಿ ಯಾರು ಯಾರೆಂದು ಹೇಳುವುದು ಕಷ್ಟವೇ.

*

೧೯೭೪. ಡೇಟನ್ ಪಟ್ಟಣದಲ್ಲಿ ಬ್ಯಾಂಡು ಕಟ್ಟಿದವರೆಲ್ಲ ಹೊಟ್ಟೆಪಾಡಿಗೆ ಯಾವುದಾದರೊಂದು ಕಾರ್ಖಾನೆಯಲ್ಲಿರುತ್ತಿದ್ದರು. ಮೂರನೇ ಆಲ್ಬಮ್ಮಿನ ಫೋಟೊ ತೆಗೆಯಲು ನ್ಯೂಯಾರ್ಕಿನಿಂದ ಬಂದವನಿಗೆ ಒಂದೇ ಗಂಟೆ ಪುರುಸೊತ್ತು. ಕ್ಲಿಯೋಫಸ್‌ಗೆ ಫ್ರಿಜ್ ಕಾರ್ಖಾನೆಯಲ್ಲಿ ಪಾಳಿ, ಮೇಸ್ತ್ರಿ ಬಿಡಲಿಲ್ಲ. ಕ್ಲಿಯೋಫಸ್‌ನ ನೇರಳೆ ಮಖಮಲ್ಲಿನ ಕೋಟು ಹೊಂದಿದ್ದು ರಾಯ್ ಲೀಗೆ, ಬದಲಿಗೆ ಅವನನ್ನೇ ನಿಲ್ಲಿಸಿದರು.

“ಸುಮ್ನೆ ನಿಂತ್ಕೊಳೋ. ಐದು ಜನ ಕಾಣ್ಬೇಕು, ಅಷ್ಟೆ,” ಎಂದಿದ್ದ ಪಿಯಾನೊ ನುಡಿಸುತ್ತಿದ್ದ ಬ್ಯಾಂಡಿನ ಯಜಮಾನ ವೆಂಡೆಲ್.

ರೆಕಾರ್ಡ್ ಕಂಪನಿಯವರು ನಿಂತವರ ಹೆಸರನ್ನು ಎಡದಿಂದ ಬಲಕ್ಕೆ ಕೇಳಿ ಬರೆದುಕೊಂಡರು. ಬೇಸ್: ರಾಯ್ ಲೀ ಹಾರ್ಗೆಟ್. ಆ ತಪ್ಪು ನಾಲ್ಕನೇ ಆಲ್ಬಮ್ಮಿಗೂ ಹೋಯಿತು, ಐದನೆಯದಕ್ಕೂ ಹೋಯಿತು, ಸಿ.ಡಿ. ಬಂದಾಗ ಅದಕ್ಕೂ. ಪ್ರತಿ ಸಲವೂ ವೆಂಡೆಲ್ “ಮುಂದಿನ್ದ್ರಲ್ಲಿ ಸರಿ ಮಾಡಿಸ್ತೀನಿ ಕಣೋ” ಎನ್ನುತ್ತಿದ್ದ. ಕ್ಲಿಯೋಫಸ್ “ಹೋಗ್ಲಿ ಬಿಡು” ಎನ್ನುತ್ತಿದ್ದ. ಆ ‘ಬಿಡು’ ಕೇಳಿ ಕೇಳಿ ಐವತ್ತು ವರ್ಷ ಮೈ ಉರಿದದ್ದು ವರ್ಡೆಲ್‌ಗೆ.

*

ಸಭೆಯಲ್ಲಿ ಮಾತಾಡುವವರಿಗೆ ತಲಾ ಎರಡೇ ನಿಮಿಷ. ವೆಂಡೆಲ್ ಕೋಲೂರಿ ಎದ್ದ. ಮೊದಲ ಆಲ್ಬಮ್ಮನ್ನು ಯಾರದೋ ಗ್ಯಾರೇಜಿನಲ್ಲಿ ಮಾಡಿದ್ದು, ಎರಡನೆಯದು ಮಕಾಡೆ ಮಲಗಿದ್ದು, ಮೂರನೆಯದರ ಮೊದಲ ಹಾಡು ಮನೆಮನೆಯ ರೇಡಿಯೊದಲ್ಲೂ ಮೊಳಗಿದ್ದು ಎಲ್ಲ ಹೇಳಿದ. ಬೇಸ್ ನುಡಿಸಿದವರು ಯಾರೆಂದು ಮಾತ್ರ ಹೇಳಲಿಲ್ಲ. ಅಷ್ಟರಲ್ಲಿ ಪಾದ್ರಿ ಗಡಿಯಾರ ನೋಡಿದರು.

“ಆ ಫೋಟೊದ್ದೊಂದು ದೊಡ್ಡ ಕತೆ. ಊಟದ ಹೊತ್ತಲ್ಲಿ ಹೇಳ್ತೀನಿ,” ಎಂದು ವೆಂಡೆಲ್ ಕೆಳಗಿಳಿಯಹೊರಟ.

ವರ್ಡೆಲ್‌ಗೆ ಇನ್ನು ತಡೆಯಲಾಗಲಿಲ್ಲ. “ಊಟದ ಹೊತ್ತಿಗೆ ಅವನು ಮಣ್ಣಲ್ಲಿರ್ತಾನೆ! ರಾಯ್ ಲೀ, ಏಳೋ. ಬೇಸ್ ಅಲ್ಲೇ ಇದೆ. ನುಡ್ಸು ಆ ಹಾಡು.”

ಪೆಟ್ಟಿಗೆಯ ಪಕ್ಕ ಕ್ಲಿಯೋಫಸ್‌ನ ಬೇಸ್ ನಿಲ್ಲಿಸಿದ್ದರು. ಎಪ್ಪತ್ತಾರರ ರಾಯ್ ಲೀ ಟೋಪಿ ಹಿಂಡುತ್ತ ಎದ್ದುನಿಂತ.

“ಅತ್ತಿಗೆ, ನಂಗೆ ಒಂದು ತಂತಿ ಮೀಟೋಕೂ ಬರಲ್ಲ. ನಿಮ್ಗೆ ಗೊತ್ತಿರೋದೇ ಅಲ್ವಾ?”

“ನಂಗೆ ಗೊತ್ತು. ಇವ್ರಿಗೆ ಹೇಳು.”

“ನಾನಲ್ಲ ನುಡಿಸಿದ್ದು,” ಎಂದ ರಾಯ್ ಲೀ ಗಟ್ಟಿಯಾಗಿ. “ಒಂದೇ ಒಂದು ಆಲ್ಬಮ್ಮಲ್ಲೂ ಅಲ್ಲ. ಎಲ್ಲಾ ಅಣ್ಣಂದೇ.”

“ಎಂಥಾ ವಿನಯ ನೋಡಿ!” ಎಂದರು ಹಿಂದಿನ ಸಾಲಿನಲ್ಲಿ, ಆಲ್ಬಮ್ಮಿನ ಮೇಲೆ ಅವನ ಹೆಸರನ್ನೇ ಓದಿಕೊಂಡು ಬಂದವರು ಯಾರೋ. ಒಂದಿಬ್ಬರು ಚಪ್ಪಾಳೆಯನ್ನೂ ತಟ್ಟಿದರು.

ವರ್ಡೆಲ್‌ಗೆ ಅಳು ಬರುವಷ್ಟು ಸಿಟ್ಟು ಬಂತು. “ವೆಂಡೆಲ್,” ಎಂದಳು, “ನೀನಾದ್ರೂ ಪಿಯಾನೊ ಮುಂದೆ ಕೂತ್ಕೊ. ಆ ಹಾಡು ಶುರು ಮಾಡು.”

ವೆಂಡೆಲ್ ಕೂತ. ಅದೇನೂ ಹೊಸ ಹಾಡಲ್ಲ. ಅಲ್ಲಿದ್ದವರೆಲ್ಲ ಅದಕ್ಕೆ ಮದುವೆಮನೆಗಳಲ್ಲಿ ಕುಣಿದವರೇ. ಮೊದಲು ಬೇಸ್ ಒಂದೇ ಎಂಟು ಎಣಿಕೆ ನಡೆಯಬೇಕು, ಆಮೇಲೆ ಪಿಯಾನೊ. ಅವನು ಒಂದು, ಎರಡು, ಮೂರು, ನಾಲ್ಕು ಎಂದು ಎಣಿಸಿದ. ಸಾಲುಸಾಲಾಗಿ ಜನ ತಾಳ ಹಾಕಲು ಕಾಲೆತ್ತಿದರು. ವೆಂಡೆಲ್‌ನ ಕೈಗಳು ಪಿಯಾನೊದ ಮೇಲೆ ಗಾಳಿಯಲ್ಲೇ ನಿಂತಿದ್ದವು, ಮುಖ ತನ್ನಷ್ಟಕ್ಕೆ, ಕ್ಲಿಯೋಫಸ್ ಯಾವಾಗಲೂ ನಿಲ್ಲುತ್ತಿದ್ದ ಎಡಕ್ಕೆ, ಪೆಟ್ಟಿಗೆಯ ಕಡೆಗೆ ತಿರುಗಿ ಬೇಸ್ ಶುರುವಾಗಲೆಂದು ಕಾಯುತ್ತಿತ್ತು.