ಒಂದೇ ಕೋಟಿನ ಇಬ್ಬರು ಸವಾರರು

ಬೂದಿಯ ಕೋಣೆಯಲ್ಲಿ ಫ್ಯಾನು ತಿರುಗುತ್ತಿತ್ತು. ನಮ್ಮ ಕೋಣೆಗಳಲ್ಲಿ ಫ್ಯಾನು ಇರಲಿಲ್ಲ.

ಬೂದಿ ಅಂದರೆ ಒಂದು ಹೆಣ್ಣು ಕುದುರೆ. ಕಾಗದದಲ್ಲಿ ಅದಕ್ಕೆ ನಾಲಿಗೆ ಹೊರಳದಂಥ ಉದ್ದನೆಯ ಹೆಸರಿತ್ತು. ಮೈಬಣ್ಣ ನೋಡಿ ನಾವು ಇಟ್ಟ ಹೆಸರು ಬೂದಿ. ಅದು ಕಿವಿ ನಿಮಿರಿಸುತ್ತಿದ್ದದ್ದು ಈ ಹೆಸರಿಗೆ ಮಾತ್ರ.

ಲಾಯದ ಹಿಂದೆ ಹುಲ್ಲಿನ ಗೋದಾಮು. ಅದಕ್ಕೆ ಅಂಟಿಕೊಂಡು ನಮ್ಮ ಕೋಣೆಗಳು, ಮೇಲೆ ತಗಡು. ಮಧ್ಯಾಹ್ನ ಒಳಗೆ ಕೂತರೆ ಬೆಂದುಹೋಗಬೇಕು. ಊಟ ಮುಗಿಸಿ ನಾವೆಲ್ಲ ಬೂದಿಯ ಬಾಗಿಲಿಗೆ ಬಂದು, ಅದರ ಪಾಲಿನ ಗಾಳಿಗೆ ಮುಖ ಒಡ್ಡಿ ಕೂರುತ್ತಿದ್ದೆವು. ಯಜಮಾನರು ಕಂಡರೆ, "ಕುದುರೆ ಗಾಳೀನೂ ಬಿಡಲ್ವೇನ್ರೋ ನೀವು?" ಎಂದು ಓಡಿಸುತ್ತಿದ್ದರು. ಬೂದಿಗೆ ಮಾತ್ರ ನಮ್ಮ ಮೇಲೆ ಯಾವ ತಕರಾರೂ ಇರಲಿಲ್ಲ.

ನಾನು ಆ ಲಾಯದ ಲಾರಿ ಡ್ರೈವರ್. ಕುದುರೆಗಳನ್ನು ಅಲ್ಲಿಂದಿಲ್ಲಿಗೆ ಸಾಗಿಸುವವನು. ಬಾಯಿಬಿಟ್ಟರೆ ಕೆಲಸ ಹೋದೀತೆಂದು ಬಾಯಿಗೆ ಬೀಗ ಹಾಕಿಕೊಂಡು ಬದುಕಿದವನು. ನಾನು ಹೇಳಹೊರಟಿರುವುದು ಚೂಟಿಯ ವಿಷಯ.

ಚೂಟಿ ನಮ್ಮ ದೊಡ್ಡಕ್ಕನ ಮಗಳು. ಲಾಯದವರೆಲ್ಲ ದೊಡ್ಡಕ್ಕ ಅಂತಲೇ ಕರೆಯುವ ಅವಳು ಲದ್ದಿ ಎತ್ತುವವಳು. ಗಂಡ ತೀರಿಕೊಂಡ ಮೇಲೆ ಮಗಳನ್ನು ಸೆರಗಿಗೆ ಕಟ್ಟಿಕೊಂಡು ಬಂದು ಇಲ್ಲೇ ಉಳಿದಳು. ಹುಡುಗಿ ಕುದುರೆಗಳ ಕಾಲ ನಡುವೆಯೇ ಬೆಳೆದಳು. ಕಾಗದದಲ್ಲಿ ಅವಳೂ ಕಸ ಗುಡಿಸುವವಳೇ. ಆದರೆ ದುಡ್ಡು ಕೊಟ್ಟು ಸವಾರಿ ಕಲಿಯಲು ಬರುವವರನ್ನು ಯಾವ ಕುದುರೆ ಎತ್ತಿ ಒಗೆದರೂ, ಅದರ ಬೆನ್ನೇರಿ ಸೊಕ್ಕಿಳಿಸುವ ಕೆಲಸ ಇವಳದು. ಹಿಂದೊಮ್ಮೆ ಒಂದು ಮರಿಗುದುರೆ ಇವಳನ್ನು ಗೋಡೆಗೆ ಬಡಿದು ಹೆಗಲ ಮೂಳೆ ಮುರಿದಿತ್ತು. ಆಸ್ಪತ್ರೆಯಲ್ಲಿ ಯಜಮಾನರು, "ಗುಡಿಸ್ತಾ ಇದ್ಲು, ಕಾಲು ಜಾರಿ ಬಿದ್ಲು" ಅಂದರು. ನೋವಿನಲ್ಲಿ ಹಲ್ಲು ಕಚ್ಚಿಕೊಂಡೇ ಚೂಟಿ ಡಾಕ್ಟರಿಗೆ ಹೇಳಿದಳು, "ಹೌದು ಸಾರ್, ಪೊರಕೆ ಸ್ವಲ್ಪ ಎತ್ತರ ಇತ್ತು."

ಹೀಗಿರುವಾಗ ಒಬ್ಬ ದೊಡ್ಡ ಆಸಾಮಿ ಬೂದಿಯನ್ನು ಕೊಳ್ಳಲು ಬಂದ. ನೋಡಿದ, ಮೆಚ್ಚಿದ, ಆಮೇಲೆ ಒಂದು ಮಾತು ಹೇಳಿ ಹೋದ. ಒಂದು ಸ್ಪರ್ಧೆಯನ್ನಾದರೂ ಮುಗಿಸಿದ ಕುದುರೆ ಬೇಕು. ಮುಗಿಸಿ ತೋರಿಸಿ, ಕೇಳಿದ ಬೆಲೆ ಕೊಡ್ತೇನೆ.

ಆ ಸ್ಪರ್ಧೆಗೆ ಈವೆಂಟಿಂಗ್ ಅನ್ನುತ್ತಾರೆ. ಒಂದೇ ಕುದುರೆಗೆ ಮೂರು ಪರೀಕ್ಷೆ. ಮೊದಲು ಅಂಗಳದಲ್ಲಿ ಹೇಳಿದ ದಾರಿಯಲ್ಲಿ ಮರ್ಯಾದೆಯಿಂದ ನಡೆಯಬೇಕು, ತಿರುಗಬೇಕು, ನಿಲ್ಲಬೇಕು. ಆಮೇಲೆ ಬಣ್ಣದ ಕೋಲುಗಳನ್ನು ಬೀಳಿಸದೆ ನೆಗೆಯಬೇಕು. ಕೊನೆಗೆ ಬಯಲಿನಲ್ಲಿ ದಿಮ್ಮಿ, ಕಂದಕ, ನೀರು ದಾಟಿ ಬರಬೇಕು. ಬೂದಿಗೆ ಗೊತ್ತುಮಾಡಿದ್ದು ತೀರ ಕೆಳಗಿನ ದರ್ಜೆ, ಹೊಸಬರಿಗೆಂದೇ ಇಟ್ಟದ್ದು. ಅಷ್ಟಕ್ಕೂ ಬೂದಿಯ ಮೇಲೆ ಕೂರಲು ಯಾರೂ ಮುಂದೆ ಬರಲಿಲ್ಲ. ಎಲ್ಲರಿಗೂ ಅದರ ಹಿಂಗಾಲಿನ ಪರಿಚಯ ಚೆನ್ನಾಗಿಯೇ ಆಗಿತ್ತು.

ಯಜಮಾನರು ಚೂಟಿಯನ್ನು ಕರೆಸಿದರು. ಕೂರಲು ಕುರ್ಚಿಯನ್ನೂ ತೋರಿಸಿದರು. ಅವಳಿಗೆ ಅಲ್ಲೇ ಅನುಮಾನ ಬಂತಂತೆ.

"ನೀನೇ ಸವಾರಿ ಮಾಡಮ್ಮ. ಮುಗಿಸಿಕೊಂಡು ಬಂದ್ರೆ ಪೊರಕೆ ಬಿಡಿಸ್ತೀನಿ. ಇಲ್ಲೇ ಮಕ್ಕಳಿಗೆ ಸವಾರಿ ಕಲಿಸೋ ಟೀಚರ್ ಮಾಡ್ತೀನಿ."

"ನಿಜವಾಗ್ಲೂನಾ ಯಜಮಾನ್ರೇ?"

"ನಾನು ಯಾವತ್ತಾದ್ರೂ ಸುಳ್ಳು ಹೇಳಿದೀನಾ?"

ಚೂಟಿ ಹೆಗಲ ಮೇಲೆ ಕೈಯಿಟ್ಟುಕೊಂಡು ಸುಮ್ಮನೆ ನಕ್ಕಳು. ಆದರೂ ಒಪ್ಪಿಕೊಂಡು ಬಂದಳು. ಟೀಚರ್ ಅನ್ನುವ ಮಾತು ಅವಳ ಕಿವಿಯೊಳಗೆ ಹೊಕ್ಕು ಕೂತುಬಿಟ್ಟಿತ್ತು.

ಅವತ್ತಿನಿಂದ ಲಾಯಕ್ಕೆ ಲಾಯವೇ ಸ್ಪರ್ಧೆಗೆ ನಿಂತಿತು. ಅಂಗಳದ ಪರೀಕ್ಷೆಯಲ್ಲಿ ಸುತ್ತಲೂ ಇಂಗ್ಲಿಷ್ ಅಕ್ಷರಗಳ ಫಲಕ ಇಟ್ಟಿರುತ್ತಾರೆ. ಈ ಅಕ್ಷರದಿಂದ ಆ ಅಕ್ಷರಕ್ಕೆ ಹೋಗು, ಅಲ್ಲಿ ಸುತ್ತು ಹಾಕು ಅಂತ. ನಾವು ಅಕ್ಷರದ ಬದಲು ಸಾಮಾನು ಇಟ್ಟೆವು. ಒಂದು ಮೂಲೆಗೆ ಬಕೆಟ್, ಒಂದಕ್ಕೆ ಲದ್ದಿ ಬುಟ್ಟಿ, ಒಂದಕ್ಕೆ ತೂತು ಬಿದ್ದ ಕೊಡ. ಕುದುರೆ ದಣಿಯಬಾರದೆಂದು ದೊಡ್ಡಕ್ಕನೇ ಕುದುರೆಯಾದಳು. ಅವಳ ಸೊಂಟಕ್ಕೆ ಹಗ್ಗ ಸುತ್ತಿ ಚೂಟಿ ಹಿಂದೆ ನಡೆಯುವಳು.

"ಅಮ್ಮಾ, ಬುಟ್ಟಿ ಹತ್ರ ಸಣ್ಣ ಓಟ!"

"ಮೊಣಕಾಲು ಹಿಡ್ಕೊಂಡಿದೆ ಕಣೇ. ಈ ಕುದುರೆ ಓಡಲ್ಲ."

"ಓಡದೆ ಇದ್ರೆ ಮಾರ್ಕ್ ಹೋಗುತ್ತಮ್ಮ."

"ಹೋದ್ರೆ ಹೋಗ್ಲಿ. ಹುರುಳಿ ಹಾಕು, ಆಮೇಲೆ ನೋಡೋಣ."

ಲಾಳ ಹೊಡೆಯುವ ಮಾವ ಕಟ್ಟೆಯ ಮೇಲೆ ಜಡ್ಜ್ ಆಗಿ ಕೂರುತ್ತಿದ್ದ. ದೊಡ್ಡಕ್ಕನ ಅಣ್ಣ, ಚೂಟಿಗೆ ಸೋದರಮಾವ. ತಂಗಿಯ ನಡಿಗೆಗೆ ಹತ್ತಕ್ಕೆ ಎರಡು ಮಾರ್ಕ್ ಕೊಟ್ಟು, ಅವತ್ತು ರಾತ್ರಿಯ ಊಟಕ್ಕೆ ಸಂಚಕಾರ ತಂದುಕೊಂಡ.

ಒಂದು ತೊಡಕಿತ್ತು. ಅಂಗಳದ ಪರೀಕ್ಷೆಯಲ್ಲಿ ಸವಾರರು ಬಾಯಿ ಬಿಡಬಾರದು. ಚೂಟಿಯೋ, ಕುದುರೆಯ ಮೇಲೆ ಕೂತರೆ ಬಾಯಿ ಮುಚ್ಚುವವಳೇ ಅಲ್ಲ. "ಬಾರೇ ನನ್ನ ರಾಣಿ, ಏ ಕತ್ತೆ ಮುಂಡೇದೆ, ತಿರುಗೇ ಚಿನ್ನಾ" ಎಂದು ಒಂದೇ ಉಸಿರಿನಲ್ಲಿ ಮುದ್ದೂ ಬೈಗುಳವೂ ಬರುತ್ತಿತ್ತು. ಮಾವ ಅವಳ ತುಟಿಗೆ ಒಂದು ಹುಲ್ಲುಕಡ್ಡಿ ಕಚ್ಚಿಸಿದ. ಕಡ್ಡಿ ಬಿದ್ದರೆ ಅವತ್ತಿನ ಲದ್ದಿಯನ್ನೆಲ್ಲ ಅವಳೇ ಎತ್ತಬೇಕು. ಮೊದಲ ವಾರ ದೊಡ್ಡಕ್ಕ ಕಾಲು ಚಾಚಿ ಆರಾಮಾಗಿ ಕೂತಿದ್ದಳು.

ನೆಗೆತಕ್ಕೆ ನಮ್ಮ ಮುರಿದ ಮಂಚದ ಕಾಲುಗಳೇ ಕೋಲುಗಳಾದವು. ಬೂದಿಗೆ ನೀರು ಕಂಡರೆ ಪ್ರಾಣಭಯ. ಹೆಂಗಸರೆಲ್ಲ ಬಟ್ಟೆ ಒಗೆಯುವುದನ್ನು ಕಾಲುವೆಗೆ ಸಾಗಿಸಿ, ಬೂದಿಯನ್ನು ಉದ್ದ ಹಗ್ಗದಲ್ಲಿ ದಡಕ್ಕೆ ಕಟ್ಟಿಹಾಕಿ, ನೀರಿನಲ್ಲಿ ನಿಂತು ಹರಟೆ ಹೊಡೆದರು. ಬೂದಿ ಮೊದಲು ಗೊರಸು ಅದ್ದಿತು. ಆಮೇಲೆ ಮೊಣಕಾಲು. ಒಂದು ದಿನ ಪೂರ್ತಿ ಇಳಿದು, ಒಗೆದಿಟ್ಟ ಬಟ್ಟೆಯ ಮೇಲೆ ಹೊರಳಾಡಿ ಎದ್ದಿತು. ಬಟ್ಟೆ ಮತ್ತೆ ಒಗೆಯಬೇಕಾದರೂ ಅವತ್ತು ಯಾರೂ ಬೈಯಲಿಲ್ಲ.

ಸ್ಪರ್ಧೆಗೆ ಇನ್ನೇನು ಹೊರಡಬೇಕು ಅನ್ನುವಾಗ ಯಜಮಾನರು ಹೊಸ ಕಪ್ಪು ಕೋಟು, ಬಿಳಿ ಪ್ಯಾಂಟು, ಟೊಪ್ಪಿಗೆ ತಂದರು. ಚೂಟಿ ಕೋಟು ಮೂಸಿ ನೋಡಿದಳು. ಹಿಂದೆಯೇ ಯಜಮಾನರ ಮಗಳೂ ಬಂದಳು. ಓದುವ ಹುಡುಗಿ, ಮೆತ್ತನೆಯ ಸ್ವಭಾವ, ಕುದುರೆ ಸೀನಿದರೂ ಎರಡು ಹೆಜ್ಜೆ ಹಿಂದೆ ಸರಿಯುವವಳು. ಅವಳ ಮೈಮೇಲೂ ಅಂಥದೇ ಬಿಳಿ ಪ್ಯಾಂಟು.

ಯಜಮಾನರು ಮೆಲ್ಲಗೆ ಅಂದರು, "ನೋಡಮ್ಮ, ಹೆಸರು ಮಗಳದ್ದು ಕೊಟ್ಟಿದೀನಿ. ಸವಾರಿ ನೀನು ಮಾಡು. ಮುಗಿದ ತಕ್ಷಣ ಲಾರಿ ಮರೆಗೆ ಬಂದು ಕೋಟು ಬಿಚ್ಚಿ ಅವಳಿಗೆ ಕೊಡು. ಫೋಟೋ, ಬಹುಮಾನ ಎಲ್ಲಾ ಅವಳು ನೋಡ್ಕೋತಾಳೆ. ಟೊಪ್ಪಿ ಹಾಕಿದ್ಮೇಲೆ ಯಾರ ತಲೆ ಯಾರದು ಅಂತ ಯಾರಿಗೆ ಗೊತ್ತಾಗುತ್ತೆ?"

"ಮತ್ತೆ ಟೀಚರ್ ಅಂದಿದ್ರಲ್ಲ?"

"ಅದೆಲ್ಲ ಆಮೇಲೆ. ಕಸ ಗುಡಿಸೋಳು ಗೆದ್ದ ಕುದುರೆ ಅಂದ್ರೆ ಯಾರಮ್ಮ ಆ ಬೆಲೆ ಕೊಡ್ತಾರೆ?"

ಯಜಮಾನರ ಮಗಳು ನೆಲ ನೋಡುತ್ತ, "ಸಾರಿ ಅಕ್ಕಾ" ಅಂದಳು. ದೊಡ್ಡಕ್ಕ ಮಗಳ ಕಿವಿಯಲ್ಲಿ ಏನೋ ಹೇಳಿದಳು. ಬೇಡ ಅಂದರೆ ನಾಳೆ ಎಲ್ಲಿಗೆ ಹೋಗೋಣ ಅಂತಲೇ ಇರಬೇಕು. ನನ್ನ ಬಾಯಿಯ ಬೀಗ ಬೀಗದ ಹಾಗೇ ಇತ್ತು. ಲಾರಿ ಸ್ಟಾರ್ಟ್ ಮಾಡಿದೆ.

ಸ್ಪರ್ಧೆಯ ಬಯಲಿನ ತುಂಬ ಲಾರಿಗಳು, ಛತ್ರಿಗಳು, ಸೆಂಟಿನ ವಾಸನೆ. ನಾವು ಕೆಲಸದವರು ಹಗ್ಗದ ಈಚೆ. ಚೂಟಿ ಅಂಗಳಕ್ಕೆ ಇಳಿದಾಗ ದೊಡ್ಡಕ್ಕ ನನ್ನ ತೋಳನ್ನು ಎಷ್ಟು ಬಿಗಿಯಾಗಿ ಹಿಡಿದಳೆಂದರೆ ಬೆರಳಿನ ಗುರುತು ಮೂಡಿತು. ಬೂದಿ ನೆಟ್ಟಗೆ ನಡೆಯಿತು, ತಿರುಗಿತು, ಒಂದು ಕಡೆ ಸೀನಿತು, ಕೊನೆಗೆ ಗೊಂಬೆಯಂತೆ ನಿಂತಿತು. ಚೂಟಿಯ ತುಟಿ ಹೊಲಿದ ಹಾಗಿತ್ತು. "ಹತ್ತಕ್ಕೆ ಎಂಟು!" ಎಂದು ಮಾವ ಕೂಗಿದ. ಕೋಲುಗಳ ನೆಗೆತದಲ್ಲಿ ಒಂದು ಬಿತ್ತು. ಬಯಲಿನ ಓಟದಲ್ಲಿ ಮಾತಿಗೆ ನಿಷೇಧವಿಲ್ಲ. ತಡೆದಿಟ್ಟಿದ್ದ ಬೈಗುಳವೆಲ್ಲ ಅಲ್ಲಿ ಹೊರಬಂತು. ದಿಮ್ಮಿ ದಾಟುವಾಗಲೂ ಕೇಳಿಸುತ್ತಿತ್ತು, ಕಂದಕ ಹಾರುವಾಗಲೂ ಕೇಳಿಸುತ್ತಿತ್ತು. ನೀರಿನ ಹತ್ತಿರ ಬೂದಿ ಒಂದು ಕ್ಷಣ ತಡೆದು ನಿಂತಿತು. ದಡದಲ್ಲಿದ್ದ ದೊಡ್ಡಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಟ್ಟೆ ಕುಕ್ಕುವವಳಂತೆ ಗಾಳಿಯಲ್ಲಿ ಕೈ ಬೀಸತೊಡಗಿದಳು. ಬೂದಿ ಧುಮುಕಿತು. ಕೆಸರು ಮುಗಿಲಿಗೆ ಹಾರಿತು. ಕುದುರೆಗೂ ಸವಾರಳಿಗೂ ಒಂದೇ ಬಣ್ಣ ಬಂತು.

ಮೂರನೆಯ ಸ್ಥಾನ. ಮೈಕಿನಲ್ಲಿ ಯಜಮಾನರ ಮಗಳ ಹೆಸರು ಮೊಳಗಿತು. ಅದನ್ನು ಕೇಳಿ ದೊಡ್ಡಕ್ಕ, "ಇದ್ಯಾರು?" ಅಂದಳು. ಆಮೇಲೆ ನೆನಪಾಗಿ ಬಾಯಿ ಮುಚ್ಚಿಕೊಂಡಳು.

ಚೂಟಿ ಮೊದಲು ಬೂದಿಗೆ ನೀರು ಕುಡಿಸಿ ಮೈ ಒರೆಸಿದಳು. ಆಮೇಲೆ ಲಾರಿ ಮರೆಗೆ ಬಂದು ಕೋಟಿನ ಗುಂಡಿಗೆ ಕೈ ಹಾಕಿದಳು. ಅಷ್ಟರಲ್ಲಿ ಪಕ್ಕದ ಲಾರಿಯ ಸಂದಿಯಿಂದ ಯಾರೋ ಏದುಸಿರು ಬಿಡುವುದು ಕೇಳಿಸಿತು. ನಾನೂ ಅವಳೂ ಇಣುಕಿ ನೋಡಿದೆವು.

ಅಲ್ಲಿ ಬೇರೆ ಲಾಯದ ಒಬ್ಬ ಕೆಲಸದವನು, ಕಡ್ಡಿಯಂಥ ಆಳು, ಬನಿಯನ್ನಿನಲ್ಲಿ ನಿಂತಿದ್ದ. ಅವನು ಬಿಚ್ಚಿಕೊಟ್ಟ ಕೋಟಿನೊಳಗೆ ಅವನ ಧಣಿಯ ಮಗ ತೂರಿಕೊಳ್ಳಲು ಹೆಣಗುತ್ತಿದ್ದ. ಒಂದು ತೋಳು ಹೋಗಿತ್ತು. ಹೊಟ್ಟೆ ಒಳಗೆ ಹೋಗಲೊಲ್ಲದು. ಧಣಿ ಹಿಂದಿನಿಂದ ಮೊಣಕಾಲು ಕೊಟ್ಟು ಎಳೆಯುತ್ತಿದ್ದ. "ಉಸಿರು ಒಳಗೆಳ್ಕೋ ಮಗನೇ! ಮೊದಲ ಬಹುಮಾನ ಕಣೋ!" ಟಪ್ ಎಂದು ಗುಂಡಿಯೊಂದು ಹಾರಿ ನಮ್ಮ ಕಾಲ ಬುಡಕ್ಕೆ ಬಂದು ಬಿತ್ತು.

ಚೂಟಿ ಕಿಸಕ್ಕನೆ ನಕ್ಕಳು. ಕಡ್ಡಿಯಂಥವನು ತಿರುಗಿ ಇವಳ ಕೆಸರು ಕೋಟನ್ನು ನೋಡಿದ. ಅವನಿಗೂ ತಿಳಿಯಿತು. ಅವನೂ ನಕ್ಕ. ಅದರಾಚೆಯ ಲಾರಿಯ ಮರೆಯಲ್ಲಿ ಒಬ್ಬಳು ಟೊಪ್ಪಿಗೆ ಕಳಚುತ್ತಿದ್ದಳು, ಪಕ್ಕದಲ್ಲಿ ಒಬ್ಬ ಸಾಹುಕಾರ್ತಿ ಕನ್ನಡಿ ಹಿಡಿದು ಕಾಯುತ್ತಿದ್ದಳು. ಅದರಾಚೆ ಇನ್ನೊಬ್ಬ ಬೂಟು ಬಿಚ್ಚುತ್ತಿದ್ದ. ಸಾಲಿಗೆ ಸಾಲೇ ಬಟ್ಟೆ ಬದಲಾಗುತ್ತಿತ್ತು. ಇದು ನಮ್ಮೊಬ್ಬರದೇ ಪಾಡು ಅಂದುಕೊಂಡು ಪ್ರತಿಯೊಬ್ಬರೂ ತಮ್ಮ ತಮ್ಮ ಲಾರಿಯ ಹಿಂದೆ ಅಡಗಿ ನಿಂತಿದ್ದರು.

"ಏ ಅಣ್ಣಾ, ಕೋಟು ವಾಪಸ್ ಹಾಕ್ಕೋ!" ಚೂಟಿ ಕೂಗಿದಳು. "ಅಕ್ಕಾ, ಟೊಪ್ಪಿ ತೆಗೀಬೇಡ! ಬಹುಮಾನ ಕೊಡೋ ಕಡೆ ಬನ್ನಿ ಎಲ್ಲಾ!"

ನಗು ಒಂದು ಲಾರಿಯಿಂದ ಇನ್ನೊಂದಕ್ಕೆ ಹಬ್ಬಿತು. ಕಡ್ಡಿಯಂಥವನು ಧಣಿಯ ಮಗನ ತೋಳಿನಿಂದ ಕೋಟನ್ನು ಎಳೆದುಕೊಂಡ. ಯಜಮಾನರ ಮಗಳಿಗೆ ಚೂಟಿ, "ನೀವೂ ಬನ್ನಿ, ನಿಮ್ಮ ಹೆಸರನ್ನ ನೀವು ತಗೊಳ್ಳಿ, ನನ್ನ ಕೆಸರು ನನಗಿರಲಿ" ಅಂದಳು. ಆ ಹುಡುಗಿ ಬೆಳಗಿನಿಂದ ಮೊದಲ ಸಲ ನಕ್ಕಿತು.

ಬಹುಮಾನದ ವೇದಿಕೆಯಲ್ಲಿ ಮೊದಲ ಹೆಸರು ಕರೆದರು. ಇಬ್ಬರು ಬಂದರು. ಒಬ್ಬನಿಗೆ ಕೋಟಿತ್ತು, ಇನ್ನೊಬ್ಬನಿಗೆ ಹೆಸರಿತ್ತು. ಎರಡನೆಯ ಹೆಸರು ಕರೆದರು. ಅದಕ್ಕೂ ಇಬ್ಬರು. ಮೂರನೆಯದಕ್ಕೆ ಚೂಟಿ ಕೆಸರು ತೊಟ್ಟಿಕ್ಕಿಸುತ್ತ ಮೇಲೆ ಹತ್ತಿದಳು, ಹಿಂದೆ ಯಜಮಾನರ ಮಗಳು. ಮೈಕ್ ಹಿಡಿದವನು, "ಇದರಲ್ಲಿ ಸವಾರಿ ಮಾಡಿದ್ದು ಯಾರು?" ಎಂದ.

"ಇವರು," ಎಂದು ಯಜಮಾನರ ಮಗಳು ಚೂಟಿಯನ್ನು ತೋರಿಸಿದಳು. "ನಂಗೆ ಕುದುರೆ ಅಂದ್ರೆ ಭಯ." ಮೈಕು ಆನ್ ಇತ್ತು. ಬಯಲಿಗೆಲ್ಲ ಕೇಳಿಸಿತು.

ಉಳಿದ ಲಾರಿಗಳವರೂ ವೇದಿಕೆಯ ಬುಡದಲ್ಲಿ ಜೋಡಿ ಜೋಡಿಯಾಗಿ ಬಂದು ನಿಂತಿದ್ದರು. ಸ್ಪರ್ಧೆ ನಡೆಸುವವರು ಗುಂಪುಕೂಡಿ ಪಿಸುಗುಟ್ಟಿದರು. ಸುಳ್ಳು ಹೆಸರು ಕೊಟ್ಟ ಕುದುರೆಗಳೆಲ್ಲ ಹೊರಗೆ ಅಂತ ತೀರ್ಪಾಯಿತು. ಸುಳ್ಳು ಬರೆಸಿದವರಿಗೆ ಒಂದು ಬಿರುಸು ಮಾತಿಲ್ಲ. ಬೆವರು ಸುರಿಸಿದವರಿಗೆ ಒಂದು ರಿಬ್ಬನ್ ಇಲ್ಲ. ಸ್ವಂತ ಹೆಸರಿನಲ್ಲಿ ಸವಾರಿ ಮಾಡಿದವರು ಇಡೀ ಸ್ಪರ್ಧೆಗೆ ಒಬ್ಬರೇ ಉಳಿದರು. ಒಬ್ಬ ಹಲ್ಲಿನ ಡಾಕ್ಟರು. ಬಣ್ಣದ ಕೋಲುಗಳಲ್ಲಿ ಒಂದನ್ನೂ ಬಿಡದೆ ಬೀಳಿಸಿದವರು. ಮೊದಲ ಬಹುಮಾನ ಕೊರಳಿಗೆ ಬಿದ್ದಾಗ ಅವರು ಹಿಂದೆ ಯಾರಾದರೂ ನಿಂತಿದ್ದಾರೋ ಎಂದು ತಿರುಗಿ ನೋಡಿದರು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದದ್ದು ನಾವು.

ಬೂದಿಯನ್ನು ಕೊಳ್ಳಲು ಬಂದಿದ್ದ ಆಸಾಮಿ ಕಾರು ಹತ್ತಿ ಹೋದ. ಯಜಮಾನರು ಲಾರಿಯ ಹತ್ತಿರ ಬಂದರು. ಮುಖ ಕೆಂಡವಾಗಿತ್ತು.

"ಅನ್ನ ಹಾಕಿದ ಮನೆಗೇ ಮಣ್ಣು ಹಾಕಿದೆ! ಈ ಕ್ಷಣದಿಂದ ನಿನಗೆ ಕೆಲಸ ಇಲ್ಲ. ಮೊದಲು ಕುದುರೆ ಹತ್ತಿಸು, ಆಮೇಲೆ ತೊಲಗು!"

"ಇವತ್ತು ನಾನು ಕೆಲಸಕ್ಕೇ ಬಂದಿಲ್ವಲ್ಲ ಯಜಮಾನ್ರೇ," ಅಂದಳು ಚೂಟಿ. "ಹಾಜರಿ ಬುಕ್ಕಲ್ಲಿ ರಜಾ ಅಂತ ಬೆಳಿಗ್ಗೆ ನೀವೇ ಬರೆಸಿದ್ರಿ. ಸವಾರಿಗೆ ಬಂದಿರೋದು ನಿಮ್ಮ ಮಗಳು. ಅವರೇ ಹತ್ತಿಸ್ಲಿ."

ಎಂದವಳೇ ಹುಲ್ಲಿನ ಮೇಲೆ ಕೂತಳು. ದೊಡ್ಡಕ್ಕ ಮೊಣಕಾಲು ಹಿಡಿದುಕೊಂಡು ಪಕ್ಕದಲ್ಲಿ ಕೂತಳು. ಮಾವ ಕೂತ. ಪಕ್ಕದ ಲಾರಿಯಿಂದ ಕಡ್ಡಿಯಂಥವನು ಗುಂಡಿಯಿಲ್ಲದ ಕೋಟಿನಲ್ಲೇ ಬಂದು ಕೂತ. ಒಬ್ಬೊಬ್ಬರಾಗಿ ಬಂದು ಕೂರುತ್ತಲೇ ಹೋದರು. ಕುದುರೆಗಳು ನೆರಳಲ್ಲಿ ನಿಂತು ಆರಾಮಾಗಿ ಮೇಯುತ್ತಿದ್ದವು. ಅವುಗಳಿಗೆ ನೀರು, ಹುಲ್ಲು ಎಲ್ಲಾ ಕೊಟ್ಟೇ ಆಗಿತ್ತು.

ಯಜಮಾನರು ಆಳು ಹುಡುಕಲು ಆಚೆ ಈಚೆ ನೋಡಿದರು. ಬಯಲಿನ ಉದ್ದಕ್ಕೂ ಎಲ್ಲ ಧಣಿಗಳೂ ಹಾಗೇ ಆಚೆ ಈಚೆ ನೋಡುತ್ತಿದ್ದರು. ಕೊನೆಗೆ ನಮ್ಮ ಯಜಮಾನರ ದನಿ ಇಳಿಯಿತು.

"ಏನಮ್ಮ ಬೇಕು ನಿಮಗೆಲ್ಲ?"

"ಮುಂದಿನ ಸ್ಪರ್ಧೆಗೆ ನಮ್ಮ ಹೆಸರಲ್ಲೇ ಹೋಗ್ಬೇಕು. ನೀವು ಹೇಳಿದ ಟೀಚರ್ ಕೆಲಸ ಕಾಗದದಲ್ಲಿ ಬೇಕು. ಇಲ್ಲಿ ಕೂತಿರೋರಲ್ಲಿ ಒಬ್ಬರನ್ನೂ ಕೆಲಸದಿಂದ ತೆಗೀಬಾರದು."

"ಸರಿ, ಸರಿ. ಮೊದಲು ಕುದುರೆ ಹತ್ತಿಸಿ, ಆಮೇಲೆ ಮಾತಾಡೋಣ."

"ಮೊದಲು ಮಾತಾಡಿ, ಆಮೇಲೆ ಹತ್ತಿಸ್ತೀವಿ."

ಯಜಮಾನರು ನನ್ನ ಕಡೆ ತಿರುಗಿದರು. "ಏಯ್ ಡ್ರೈವರ್, ನೀನು ಗಾಡಿ ತೆಗೆಯೋ!"

ನಾನು ಲಾರಿಯ ಕೀಲಿಯನ್ನು ಜೇಬಿಗೆ ಹಾಕಿಕೊಂಡೆ. "ದೊಡ್ಡಕ್ಕಾ, ಸ್ವಲ್ಪ ಆಚೆ ಸರಿ" ಎಂದು ಅವಳ ಪಕ್ಕದಲ್ಲಿ ಜಾಗ ಮಾಡಿಕೊಂಡು ಕೂತೆ.